ಒಪ್ಪಿಸದ ಕುರ್ಚಿ

ನಮ್ಮೂರಿನಲ್ಲಿ ಹಳೇ ಸಾಮಾನು ಕೊಳ್ಳುವುದು ಸುಲಭ, ಇಟ್ಟುಕೊಳ್ಳುವುದೇ ಕಷ್ಟ. ಇವತ್ತು ತಂದು ಮೂಲೆಯಲ್ಲಿ ನಿಲ್ಲಿಸಿದ ಬೀರು, ನಾಳೆ ನೀವು ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಬಾಗಿಲ ಹತ್ತಿರ ಬಂದಿರುತ್ತದೆ. ನಾಡಿದ್ದು ಬೀದಿಯಲ್ಲಿರುತ್ತದೆ. ಆಮೇಲೆ ಒಂದು ದಿನ ತನ್ನ ಹಳೇ ಯಜಮಾನನ ಮನೆಯ ಜಗಲಿಯ ಮೇಲೆ ಏನೂ ಆಗಿಲ್ಲವೆನ್ನುವ ಹಾಗೆ ನಿಂತಿರುತ್ತದೆ. ಹೋಗುವುದನ್ನು ಕಂಡವರು ಯಾರೂ ಇಲ್ಲ. ಕಣ್ಣಿಟ್ಟು ಕಾದರೆ ಅಲುಗುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತೆಂದು ನೀವು ಅತ್ತ ತಿರುಗಿದಿರೋ, ಇತ್ತ ಒಂದು ಮಾರು ದೂರ ಹೋಗಿರುತ್ತದೆ.

ನಮ್ಮ ಸೋದರಮಾವ ಇಂಥದೇ ಒಂದು ಮಂಚ ತಂದು, ಉಂಡು ಅದರ ಮೇಲೆ ಮಲಗಿದ್ದ. ಎದ್ದು ನೋಡಿದರೆ ಯಾರದೋ ನಡುಮನೆ, ಸುತ್ತ ಗುರುತಿಲ್ಲದ ಜನ. ಅವರು ಒಳ್ಳೆಯವರು. ಬಚ್ಚಲು ತೋರಿಸಿ, ಕಾಫಿ ಕೊಟ್ಟು, "ಮಂಚ ಇಲ್ಲೇ ಇರ್ಲಿ, ನೀವು ಬೇಕಾದ್ರೆ ಹೋಗ್ಬೋದು" ಅಂದರಂತೆ. ನಂಬದಿದ್ದರೆ ಬಿಡಿ. ಅವನ ಹೆಂಡತಿಯೂ ನಂಬಿರಲಿಲ್ಲ.

ದಾರಿಯಲ್ಲಿ ಹೋಗುತ್ತಿರುವ ಸಾಮಾನನ್ನು ದಿಟ್ಟಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ನೋಡಿದರೆ ಅದು ನಿಂತಲ್ಲೇ ನಿಂತುಬಿಡುತ್ತದೆ, ಹಿಂದೆ ಬಸ್ಸು ಹಾರನ್ ಹೊಡೆಯುತ್ತದೆ. ಅದಕ್ಕೇ ಪೇಟೆಬೀದಿಯಲ್ಲಿ ಒಂದು ಡ್ರೆಸ್ಸಿಂಗ್ ಟೇಬಲ್ ಬಂತೆಂದರೆ ಎಲ್ಲರೂ ಗೋಡೆಯ ಸಿನಿಮಾ ಪೋಸ್ಟರು ಓದುವವರ ಹಾಗೆ ಅತ್ತ ತಿರುಗುತ್ತಾರೆ. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನೂ ಓದುತ್ತೇನೆ. ಪಕ್ಕದವನ ಕೈಯಲ್ಲಿ ಕನ್ನಡಿಯಿದ್ದರೆ ಬೋರಲು ಹಾಕಿಸುತ್ತೇವೆ, ಯಾಕೆಂದರೆ ಕನ್ನಡಿಯಲ್ಲಿ ನೋಡಿದರೂ ನೋಡಿದ ಹಾಗೇ.

ಸಾಮಾನು ಹೋಗದೆ ನಿಲ್ಲಬೇಕಾದರೆ ಒಂದೇ ದಾರಿ. ಮಾರಿದ ಮನೆಯವರು ಬಂದು ಒಪ್ಪಿಸಿಕೊಡಬೇಕು. ಮದುವೆಯಲ್ಲಿ ಹೆಣ್ಣು ಒಪ್ಪಿಸುತ್ತಾರಲ್ಲ, ಹಾಗೆಯೇ. ಮನೆಯವರೆಲ್ಲ ಸಾಮಾನಿನ ಮೇಲೆ ಕೈಯಿಟ್ಟು, ಒಂದು ಹಿಡಿ ಅಕ್ಕಿ ಹಾಕಿ, ಹಾಲು ಚಿಮುಕಿಸಿ, "ಇನ್ನು ಇವರ ಮನೆಯೇ ನಿನ್ನ ಮನೆ" ಎನ್ನಬೇಕು. ಆಮೇಲೆ ಒನಕೆಯಾಗಲಿ ಒಡೆದ ರೇಡಿಯೋ ಆಗಲಿ, ಜಪ್ಪಯ್ಯ ಅಂದರೂ ಕದಲುವುದಿಲ್ಲ. ಮನೆಯವರಲ್ಲಿ ಒಬ್ಬರು ಕೈಯಿಡದಿದ್ದರೂ ಅದು ಆ ಒಬ್ಬರ ಕಡೆಗೆ ಹೊರಟೇ ಹೊರಡುತ್ತದೆ.

ನನ್ನ ಹೆಸರು ತಿಮ್ಮರಾಯಿ. ಪೇಟೆಬೀದಿಯ ಕೊನೆಯಲ್ಲಿ ನನ್ನದೊಂದು ಕಟಿಂಗ್ ಶಾಪ್. ನಮ್ಮಪ್ಪನ ಕಾಲದ ಮರದ ಕುರ್ಚಿಯೊಂದಿತ್ತು. ಮಂಡಿ ರುದ್ರಪ್ಪನವರು ಒಂದು ದಿನ ಅದರಲ್ಲಿ ಕೂತು ನಗಲಿಕ್ಕೆ ಶುರುಮಾಡಿದರು. ನಾನು ಹೇಳಿದ ಕಥೆಗೇ ನಕ್ಕರು, ಅದು ನನ್ನ ತಪ್ಪೇ. ಅವರ ಮೈ ಎಂಥದೆಂದರೆ ನಗು ಹೊಟ್ಟೆಯಿಂದ ಹೊರಟು ಭುಜ ತಲುಪುವಷ್ಟರಲ್ಲಿ ನಾನು ಒಂದು ಗಡ್ಡ ಮುಗಿಸಬಹುದು. ಕುರ್ಚಿ ನಾಲ್ಕೂ ಕಾಲು ಚಾಚಿ ಮಲಗಿತು. ಆಮೇಲೆ ಗಿರಾಕಿಗಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಸ್ಟೂಲಿನ ಮೇಲೆ ಕೂತವನು ಕತ್ತು ಎಲ್ಲಿಗೆ ಒರಗಿಸಬೇಕು? ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು.

"ನಡೀರಿ, ಗುಜರಿ ಗಲ್ಲಿಗೆ ಹೋಗೋಣ" ಅಂದಳು ನನ್ನ ಹೆಂಡತಿ ಸಂಪಂಗಿ.

ಗುಜರಿ ಗಲ್ಲಿಯನ್ನು ನೀವು ನೋಡಬೇಕು. ಎರಡೂ ಕಡೆ ಅಂಗಡಿ, ಅಂಗಡಿಯ ಹೊಟ್ಟೆಯೆಲ್ಲ ಬೀದಿಗೆ ಬಂದಿರುತ್ತದೆ. ಮುಳ್ಳಿಲ್ಲದ ಗಡಿಯಾರ, ಹಲ್ಲು ಉದುರಿದ ಹಾರ್ಮೋನಿಯಂ, ಯಾರದೋ ಮದುವೆಯ ಫೋಟೋ ಇರುವ ಕಟ್ಟು, ಕಿವಿಯಿಲ್ಲದ ಕಪ್ಪು, ಒಂದೇ ಕಾಲಿನ ಬೂಟು. ಒಪ್ಪಿಸಿದ ಸಾಮಾನು ಒಳಗೆ ಬಿಡುಬೀಸಾಗಿ ಕೂತಿರುತ್ತದೆ, ಒಪ್ಪಿಸದ್ದನ್ನು ಕಂಬಕ್ಕೆ ಹಗ್ಗ ಹಾಕಿ ಕಟ್ಟಿರುತ್ತಾರೆ. ಹಗ್ಗ ಬಿಗಿದುಕೊಂಡಿರುವ ದಿಕ್ಕು ನೋಡಿಯೇ ಅದು ಯಾವ ಕೇರಿಯ ಸಾಮಾನೆಂದು ಗಲ್ಲಿಯವರು ಹೇಳುತ್ತಾರೆ. ಅಂದು ಸಾಲಾಗಿ ಕಟ್ಟಿದ್ದ ಏಳೆಂಟು ಕೊಡೆಗಳು ಒಂದೇ ಕಡೆ ವಾಲಿಕೊಂಡಿದ್ದವು. ಯಾರ ಮನೆಯವೋ, ಒಟ್ಟಿಗೆ ಹೊರಟಿದ್ದವು.

ಸಂಪಂಗಿ ಎಲ್ಲವನ್ನೂ ಮುಟ್ಟಿ ನೋಡುತ್ತಾಳೆ, ತಟ್ಟಿ ನೋಡುತ್ತಾಳೆ, ಬೇಡದ್ದಕ್ಕೂ ಬೆಲೆ ಕೇಳುತ್ತಾಳೆ. ನಾನು ಹಿಂದೆ ನಿಂತು ಗ್ರಾಮಫೋನಿನ ಕೊಂಬಿನೊಳಗೆ ಬಾಯಿಟ್ಟು ಅವಳ ಹೆಸರು ಕೂಗುತ್ತಿದ್ದೆ. ಹೀಗೇ ದಸ್ತಗೀರ್ ಸಾಬ್ರ ಅಂಗಡಿಗೆ ಬಂದೆವು. ಅಲ್ಲಿ ಹಿಂದುಗಡೆ ಕಬ್ಬಿಣದ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದ ಕುರ್ಚಿ ಕಣ್ಣಿಗೆ ಬಿತ್ತು.

ಅದು ಕಟಿಂಗ್ ಶಾಪಿನ ಅಸಲಿ ಕುರ್ಚಿ. ಗಂಗಾಳದಂಥ ಎರಕದ ಪಾದ, ಕೆಂಪು ಚರ್ಮದ ಸೀಟು, ಕತ್ತು ಒರಗಿಸಲು ಮೇಲೆ ಕೆಳಗೆ ಆಗುವ ದಿಂಬು, ಒಂದು ಬೆರಳಲ್ಲಿ ತಳ್ಳಿದರೆ ಸುತ್ತು ಬರುವ ತಿರುಗಣೆ. ನಾನು ಕೂತೆ. ಮಹಾರಾಜರು ಹೇಗಿದ್ದರೋ ನನಗೆ ಗೊತ್ತಿಲ್ಲ, ಆದರೆ ಹೀಗೇ ಕೂತಿರಬೇಕು.

"ಸಾಬ್ರೇ, ಇದು ಯಾರ ಮನೇದು?"

"ಅದೇ ತಮ್ಮಾ ಗೊತ್ತಿಲ್ಲ" ಅಂದರು ದಸ್ತಗೀರ್ ಸಾಬ್ರು, ಗಡ್ಡ ಸವರಿಕೊಂಡು. "ಹಳೇ ಬಿಲ್ಡಿಂಗ್ ಒಡೆದ್ರಲ್ಲ, ಆ ಓನರು ತಂದು ಹಾಕ್ದ. ಬಾಡಿಗೆಯವ್ರು ಬೀಗ ಹಾಕ್ಕೊಂಡು ಹೋಗ್ಬಿಟ್ಟಿದ್ರಂತೆ. ಒಪ್ಸಿದ್ದಲ್ಲ, ನಾನು ಸುಳ್ಳು ಹೇಳಲ್ಲ. ಆದ್ರೆ ಅದ್ರ ಮನೇನೇ ಇಲ್ವಲ್ಲ ಈಗ, ಎಲ್ಲಿಗ್ ಹೋಗುತ್ತೆ?"

"ಮತ್ತೆ ಸರಪಳಿ ಯಾಕೆ?" ಅಂದಳು ಸಂಪಂಗಿ.

"ಅದೇ ನಂಗೂ ಅರ್ಥ ಆಗಿಲ್ಲಮ್ಮ. ಒಂದೊಂದ್ ಹೊತ್ತು ಒಂದೊಂದ್ ಕಡೆ ಎಳೆಯುತ್ತೆ. ತಲೆ ಕೆಟ್ಟಿದೆ ಪಾಪ ಅದಕ್ಕೆ. ಹೊಸ ಜಾಗಕ್ಕೆ ಹೋದ್ರೆ ಸರಿಹೋಗ್ಬೋದು."

ಕೊಳ್ಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಸಂಪಂಗಿ ಸೀಟಿನ ಚರ್ಮವನ್ನು ಒಂದು ಸಲ ತಟ್ಟಿ ನೋಡಿದಳು. ಆಮೇಲೆ, "ನಮ್ಮನೇಲಿ ಒಂದು ತಾಮ್ರದ ಹಂಡೆ ಇದೆ ಸಾಬ್ರೇ, ನೋಡ್ತೀರಾ?" ಅಂದಳು. ಅದು ಅವಳ ತವರಿನ ಹಂಡೆ. ಅವಳಮ್ಮ ಬಾಣಂತನದಲ್ಲಿ ನೀರು ಕಾಯಿಸಿದ್ದು ಅದರಲ್ಲಿ. ಅಮ್ಮ ಹೋದ ಮೇಲೆ ಆ ಮನೆಯವಳೆಂದು ಉಳಿದದ್ದು ಇವಳೊಬ್ಬಳೇ. ಬೇಡ ಕಣೇ ಎಂದು ನಾನು ಹೇಳಲು ಬಾಯಿ ತೆರೆದೆ. ಆದರೆ ನಾನು ಆ ಕುರ್ಚಿಯ ಮೇಲೆ ಕೂತಿದ್ದೆ. ಬಾಯಿ ಮುಚ್ಚಿಕೊಂಡೆ.

ಅವಳು ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುಂಕುಮವಿಟ್ಟು, ಸಾಬ್ರ ಅಂಗಡಿಯಲ್ಲಿ ಎರಡೂ ಕೈ ಇಟ್ಟು ಒಪ್ಪಿಸಿಕೊಟ್ಟಳು. ಅಳಲಿಲ್ಲ. ಮರುದಿನದಿಂದ ಸೊಪ್ಪು ತರುವ ನೆಪದಲ್ಲಿ ಆ ಗಲ್ಲಿಯಲ್ಲೇ ಹೋಗಿಬರಲು ಶುರುಮಾಡಿದಳು. ಒಂದು ದಿನ ನನಗೆ ಅನ್ನ ಬಡಿಸುತ್ತಾ ಹೇಳಿದಳು: "ಒಂದ್ ಗೇಣಾದ್ರೂ ನಮ್ಮನೆ ಕಡೆ ಜರುಗಿದ್ಯೇನೋ ಅಂತ ನೋಡ್ದೆ. ಇಲ್ಲ. ಅಷ್ಟ್ ಚೆನ್ನಾಗಿ ಒಪ್ಸ್‌ಬಿಟ್ಟಿದ್ದೀನಿ."

ಇತ್ತ ಕುರ್ಚಿ ನನ್ನ ಅಂಗಡಿಗೆ ಬಂತು, ನನ್ನ ತಲೆ ಕೆಟ್ಟಿತು.

ಮೊದಲ ದಿನವೇ ಮಂಡಿ ರುದ್ರಪ್ಪನವರು ಬಂದರು. ಸೋಪು ಹಚ್ಚಿದೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಕತ್ತಿ ಮಸೆಯಲು ಆಚೆ ತಿರುಗಿ ಈಚೆ ತಿರುಗಿದರೆ ಅವರ ಮುಖವೇ ಇಲ್ಲ! ಕುರ್ಚಿ ಸುತ್ತು ಹೊಡೆದು ಬೀದಿಗೆ ಮುಖ ಮಾಡಿತ್ತು. ಅವರು ಸೋಪಿನ ಮುಖದಲ್ಲೇ ಕಣ್ಣು ಬಿಟ್ಟು, ದಾರಿಯಲ್ಲಿ ಹೋಗುತ್ತಿದ್ದ ಬೀಗರಿಗೆ ಗಾಬರಿಯಲ್ಲಿ ಕೈ ಮುಗಿದರು. ತಿರುಗಿಸಿ ಕೂರಿಸಿದೆ. ಮತ್ತೆ ನೀರು ತೆಗೆದುಕೊಳ್ಳಲು ಬಗ್ಗಿದೆ. ಈ ಸಲ ಕುರ್ಚಿಯೇ ಹೊಸ್ತಿಲಲ್ಲಿ.

"ಲೋ ತಿಮ್ಮರಾಯಿ, ನಂಗೆ ಗಡ್ಡ ತೆಗೀತಿದೀಯೋ, ಮೆರವಣಿಗೆ ಮಾಡ್ತಿದೀಯೋ?"

"ಎರಡೂ ಸ್ವಾಮಿ, ಒಂದೇ ರೇಟಿಗೆ" ಅಂದೆ. ಅವರು ನಕ್ಕರು, ಕುರ್ಚಿ ತಡೆದುಕೊಂಡಿತು. ಆದರೆ ಎಲ್ಲರೂ ರುದ್ರಪ್ಪನವರ ಹಾಗೆ ನಗುವವರಲ್ಲ. ಒಬ್ಬರ ಕಿವಿ ಸ್ವಲ್ಪದರಲ್ಲಿ ಉಳಿಯಿತು. ಇನ್ನೊಬ್ಬರು ಅರ್ಧ ತಲೆಯಲ್ಲೇ ಎದ್ದುಹೋದರು. ಕಟ್ಟಿಹಾಕಿದರೆ ಗಿರಗಿರನೆ ಸುತ್ತುತ್ತದೆ, ಬಿಟ್ಟರೆ ಬೀದಿಗಿಳಿಯುತ್ತದೆ.

ಗೊಂದಲ ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬೇರೆ ಸಾಮಾನಿಗೆ ಒಂದು ದಿಕ್ಕು ಅಂತ ಇರುತ್ತದೆ. ಇದು ಬೆಳಗಿನ ಹೊತ್ತು ಮೇಲುಪೇಟೆಯ ಗಾಣದ ಬೀದಿಯ ಕಡೆ ಹೊರಡುತ್ತಿತ್ತು. ಮಧ್ಯಾಹ್ನ ಆಯಿತೋ, ಅಲ್ಲಿಂದಲೇ ತಿರುಗಿ ಕೆಳಗೆ ಬಸ್‌ಸ್ಟ್ಯಾಂಡಿನ ಕಡೆ. ಇದರಿಂದಾಗಿ ಎಲ್ಲಿಗೂ ಮುಟ್ಟದೆ, ನನ್ನ ಅಂಗಡಿಯ ಮುಂದೆಯೇ ಅತ್ತಿಂದಿತ್ತ ಅಡ್ಡಾಡಿ ನೆಲದಲ್ಲಿ ಗೀರು ಬಿದ್ದಿತ್ತು. ಸಾಬ್ರನ್ನು ಕರೆದು ತೋರಿಸಿದೆ. ಅವರು ಗೀರಿನ ಮೇಲೆ ಒಂದು ಸಲ ಹೋಗಿ, ಒಂದು ಸಲ ಬಂದು, ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಮನೆ ಇಲ್ದೇ ಇದ್ರೆ ಸಾಮಾನು ಮನುಷ್ಯರನ್ನ ಹುಡುಕ್ಕೊಂಡ್ ಹೋಗುತ್ತೆ ಅಂತ ನಮ್ಮಪ್ಪ ಹೇಳ್ತಿದ್ರು. ಆದ್ರೆ ಒಂದೇ ಕುರ್ಚಿ, ಎರಡು ಕಡೆ ಹೆಂಗೆ?"

ಸಂಪಂಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಅದು ಎಲ್ಲಿಗ್ ಹೋಗುತ್ತೋ ನೀವೂ ಹೋಗಿ" ಅಂದಳು. "ಸಿಕ್ಕಿದವ್ರ ಕಾಲಿಗ್ ಬೀಳಿ. ಒಪ್ಸಿಕೊಡದೆ ವಾಪಸ್ ಬರ್ಬೇಡಿ. ಈ ಕುರ್ಚಿನೂ ಹೋದ್ರೆ ನಂಗೆ ಹಂಡೆನೂ ಇಲ್ಲ, ನಿಮಗ್ ಅಂಗಡಿನೂ ಇಲ್ಲ."

ಸಾಮಾನಿನ ಹಿಂದೆ ಹೋಗುವುದು ಹೇಗೆ? ನೋಡಿದರೆ ನಿಲ್ಲುತ್ತದೆ, ನೋಡದಿದ್ದರೆ ತಪ್ಪಿಹೋಗುತ್ತದೆ. ಯೋಚಿಸಿ ಯೋಚಿಸಿ, ಬೆಳಗ್ಗೆ ಬೇಗ ಎದ್ದು ಕುರ್ಚಿಯ ಮೇಲೆ ನಾನೇ ಕೂತೆ. ಮುಖದ ಮೇಲೆ ಟವೆಲ್ ಹಾಕಿಕೊಂಡು ಕತ್ತು ಹಿಂದಕ್ಕೆ ಒರಗಿಸಿದೆ. ಸಂಪಂಗಿ ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಆಹಾ, ಏನು ಹೇಳಲಿ ಆ ಸವಾರಿಯನ್ನು! ಜಟಕಾ ಅಲ್ಲ, ಬಸ್ಸಲ್ಲ. ಹೋಗುತ್ತಿದೆ ಅನಿಸುವುದೇ ಇಲ್ಲ, ಆದರೆ ವಾಸನೆ ಬದಲಾಗುತ್ತದೆ. ಮೊದಲು ಹೋಟೆಲಿನ ಸಾಂಬಾರು, ಆಮೇಲೆ ಹೂವಿನ ಅಂಗಡಿ, ಆಮೇಲೆ ಹಿಂಡಿ, ಕಡಲೆಕಾಯಿ ಎಣ್ಣೆ. ಜನ ಅತ್ತ ಮುಖ ಮಾಡಿಕೊಂಡೇ ಮಾತಾಡಿಸುತ್ತಿದ್ದರು.

"ಯಾರ್ರೀ ಅದು, ಕುರ್ಚಿ ಮೇಲೆ?"

"ತಿಮ್ಮರಾಯಿ ಕಣೋ, ಕಾಲ್ ನೋಡಿದ್ರೆ ಗೊತ್ತಾಗಲ್ವ?"

"ಕಾಲ್ ನೋಡ್ಬೇಡ್ವೋ, ನಿಂತ್ಬಿಡುತ್ತೆ!"

ಎಣ್ಣೆಯ ವಾಸನೆ ಗಟ್ಟಿಯಾಗಿ, ಅದರ ಜೊತೆ ಸೋಪಿನ ವಾಸನೆ ಬಂತು. ಟವೆಲ್ ತೆಗೆದರೆ ಎದುರಿಗೆ ಒಂದು ಚಿಕ್ಕ ಕಟಿಂಗ್ ಶಾಪ್. ಅದರ ಬಾಗಿಲಲ್ಲಿ ಮುನಿವೆಂಕಟಪ್ಪ ಎನ್ನುವ ಹಿರಿಯ. ಊರಲ್ಲಿ ಹೆಸರು ಕೇಳಿದ್ದೆ, ಮಾತಾಡಿಸಿರಲಿಲ್ಲ. ನಾನೂ ಅದೇ ಕಸುಬಿನವನು, ಮೊದಲು ಕಂಡದ್ದು ಮೀಸೆ. ಒಳ್ಳೆಯ ದಪ್ಪ ಮೀಸೆ, ಆದರೆ ಎಡಗಡೆಯದು ಉದ್ದ, ಬಲಗಡೆಯದು ಗಿಡ್ಡ. ಕನ್ನಡಿ ನೋಡಿಕೊಂಡು ತಾನೇ ಕತ್ತರಿಸಿಕೊಂಡವನ ಮೀಸೆ.

ಅವರು ನನ್ನನ್ನು ನೋಡಲಿಲ್ಲ. ಕುರ್ಚಿಯನ್ನೂ ನೋಡದವರ ಹಾಗೆ ನಿಂತಿದ್ದರು. ಆದರೆ ನಾನು ಎದ್ದ ಕೂಡಲೇ ಹೆಗಲ ಮೇಲಿನ ಟವೆಲ್ ತೆಗೆದು ಸೀಟಿಗೆ ಪಟ್ ಎಂದು ಎರಡೇಟು ಹೊಡೆದರು. ಗಿರಾಕಿ ಎದ್ದಮೇಲೆ ನಾವೆಲ್ಲ ಹೊಡೆಯುತ್ತೇವಲ್ಲ, ಹಾಗೆ. ಕೈ ತಾನಾಗಿ ಮಾಡಿತು.

"ಅಣ್ಣ, ಇದು ನಿಮ್ದು ಅಲ್ವ?"

"ಅಲ್ಲ."

"ಮತ್ತೆ ಟವೆಲ್ ಹೊಡೆದ್ರಿ?"

"ಧೂಳಿತ್ತು" ಅಂದರು. ಟವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡು, "ಬೆಳಿಗ್ಗೆ ಹೊತ್ತು ನಂದು. ಮಧ್ಯಾಹ್ನದ ಮೇಲೆ ಆ ಮನುಷ್ಯಂದು" ಅಂದರು.

"ಯಾವ ಮನುಷ್ಯ?"

"ನಮ್ಮಮ್ಮನ ಹೊಟ್ಟೇಲಿ ನನ್ ಹಿಂದೆ ಹುಟ್ಟಿದ್ನಲ್ಲ, ಆ ಮನುಷ್ಯ."

ಅಣ್ಣತಮ್ಮಂದಿರಿಗೆ ಇದ್ದದ್ದು ಒಂದೇ ಅಂಗಡಿ, ಒಂದೇ ಕುರ್ಚಿ. ಬೆಳಗ್ಗೆ ಅಣ್ಣ, ಮಧ್ಯಾಹ್ನದ ಮೇಲೆ ತಮ್ಮ ಪಿಳ್ಳಪ್ಪ. ಊಟದ ಹೊತ್ತಿಗೆ ಒಬ್ಬನ ಹೆಗಲಿನ ಟವೆಲ್ ಇನ್ನೊಬ್ಬನ ಹೆಗಲಿಗೆ ಹೋಗುತ್ತಿತ್ತು. ಅಪ್ಪ ತೀರಿಕೊಂಡ ದಿನ ಇಬ್ಬರೂ ಒಬ್ಬರಿಗೊಬ್ಬರು ತಲೆ ಬೋಳಿಸಬೇಕಿತ್ತು. ರಾತ್ರಿಯೆಲ್ಲ ಎದ್ದಿದ್ದ ಮುನಿವೆಂಕಟಪ್ಪ ಕುರ್ಚಿಯಲ್ಲಿ ಕೂತವರು ಹಾಗೇ ನಿದ್ದೆ ಹೋದರು. ಎದ್ದು ಕನ್ನಡಿ ನೋಡಿದರೆ ತಲೆಯ ಜೊತೆ ಮೀಸೆಯೂ ಇಲ್ಲ.

"ತೆಗೀಬೇಕು, ನಂಗೊತ್ತಿಲ್ವ? ನಾನೇ ಎಷ್ಟ್ ಜನಕ್ಕೆ ತೆಗ್ದಿದೀನಿ. ಆದ್ರೆ ಆ ಮೀಸೆನ ಹಿಂಗೇ ತಿರುವ್ಬೇಕು ಅಂತ ಕಲ್ಸಿದ್ದು ನಮ್ಮಪ್ಪ. ಒಂದ್ ಮಾತು ಕೇಳ್ಬೋದಿತ್ತು. ಎಬ್ಬಿಸಿ, ಅಣ್ಣಾ ಅಂತ ಒಂದೇ ಒಂದು ಮಾತು."

ಅವರು ಹೇಳುತ್ತಿದ್ದಾಗ ನಾನು ಅವರ ಮೀಸೆಯನ್ನೇ ನೋಡುತ್ತಿದ್ದೆ. ಮಧ್ಯಾಹ್ನವಾಗಿದ್ದು ಗೊತ್ತಾಗಲಿಲ್ಲ. ತಿರುಗಿದರೆ ಕುರ್ಚಿ ಬೀದಿಯ ತಿರುವಿನಲ್ಲಿ, ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡಿಕೊಂಡು ನಿಂತಿತ್ತು. ಓಡಿಹೋಗಿ ಹತ್ತಿ ಟವೆಲ್ ಹಾಕಿಕೊಂಡೆ.

ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಪಿಳ್ಳಪ್ಪನ ಅಂಗಡಿ. ಆತನ ಬೋಳಿಸಿದ ಕೆನ್ನೆ ಕೈಯಲ್ಲಿ ಸವರಿದರೆ ಜಾರಬೇಕು, ಹಾಗಿತ್ತು. ಆದರೆ ಹಿಂದೆ ಕೂದಲು ಭುಜ ದಾಟಿತ್ತು. ಬೇರೆಯವರಾದರೆ ಸಾಧು ಅಂದುಕೊಳ್ಳುತ್ತಿದ್ದರು. ನಮ್ಮ ಕಸುಬಿನವನಿಗೆ ಅರ್ಥವಾಗುತ್ತದೆ. ತನ್ನ ಗಡ್ಡ ತಾನು ತೆಗೆದುಕೊಳ್ಳಬಹುದು, ತನ್ನ ಕತ್ತಿನ ಹಿಂದೆ ತಾನು ಕತ್ತರಿ ಆಡಿಸಲು ಯಾವ ಶೂರನಿಂದಲೂ ಆಗುವುದಿಲ್ಲ. ಇನ್ನೊಬ್ಬನ ಕೈಗೆ ಕತ್ತು ಕೊಟ್ಟಿರಲಿಲ್ಲ ಆತ.

ನಾನು ಎದ್ದೆ. ಆತ ಟವೆಲ್ ತೆಗೆದು ಸೀಟಿಗೆ ಎರಡೇಟು ಹೊಡೆದ.

"ಧೂಳಿತ್ತಾ?" ಅಂದೆ.

"ಹ್ಞೂಂ" ಅಂದ. ಆಮೇಲೆ ಅವನೂ ಹೇಳಿದ. "ಅಪ್ಪನ್ನ ಹೊರಡ್ಸೋ ಹೊತ್ತು ಮೀರ್ತಿತ್ತು. ಅಷ್ಟ್ ಸುಸ್ತಾಗಿ ಮಲ್ಗಿದ್ದವ್ರನ್ನ ಎಬ್ಬಿಸೋಕೆ ಮನಸ್ ಬರ್ಲಿಲ್ಲ ನಂಗೆ. ಅದೇ ತಪ್ಪಾ? ಅಪ್ಪನಿಗಿಂತ ಮೀಸೆ ದೊಡ್ದಾಯ್ತಾ ಅಂತ ಒಂದ್ ಮಾತ್ ಅಂದೆ. ಬೀಗ ಹಾಕ್ಕೊಂಡ್ ಹೋದ್ರು."

"ಕುರ್ಚಿ ಒಪ್ಸಿಕೊಡಿ ಪಿಳ್ಳಪ್ಪಣ್ಣ. ಅಣ್ಣನೂ ಬಂದು..."

"ಅವ್ರು ಬಂದ್ರೆ ನಾನ್ ಬರಲ್ಲ."

ಅಣ್ಣನೂ ಇದನ್ನೇ ಹೇಳುತ್ತಾರೆಂದು ನನಗೆ ಗೊತ್ತಿತ್ತು. ನಾನು ಹುಟ್ಟಿದಾಗಿನಿಂದ ಸುಳ್ಳು ಹೇಳಿಕೊಂಡು ಬಂದವನು, ಆದರೆ ಬರೀ ನಗಿಸಲಿಕ್ಕೆ. ಕೆಲಸಕ್ಕೆಂದು ಹೇಳಿದ್ದು ಅದೇ ಮೊದಲು. ಅಣ್ಣನ ಹತ್ತಿರ ಹೋಗಿ, "ನಿಮ್ ತಮ್ಮ ಆಗ್ಲೇ ಬಂದು ಕೈಯಿಟ್ಟು ಹೋದ, ನಿಮ್ದೊಂದೇ ಬಾಕಿ. ಊಟದ ಹೊತ್ತಿಗೆ ಬನ್ನಿ" ಅಂದೆ. ತಮ್ಮನ ಹತ್ತಿರ ಹೋಗಿ ಅದನ್ನೇ ತಿರುವಿ ಹಾಕಿದೆ.

ಬಂದರು. ಮೇಲಿಂದ ಒಬ್ಬರು, ಕೆಳಗಿಂದ ಒಬ್ಬ, ನನ್ನ ಅಂಗಡಿಯ ಹೊಸ್ತಿಲಲ್ಲಿ ಎದುರುಬದುರಾದರು. ಸಂಪಂಗಿ ಅಕ್ಕಿಯ ತಟ್ಟೆ, ಹಾಲಿನ ಲೋಟ ಹಿಡಿದು ನಿಂತಿದ್ದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

"ತಿಮ್ಮರಾಯಿ" ಅಂದರು ಮುನಿವೆಂಕಟಪ್ಪ, "ಬಾಗಿಲಿಗೆ ಅಡ್ಡ ನಿಂತಿರೋರಿಗೆ ಸ್ವಲ್ಪ ಜರುಗೋಕೆ ಹೇಳಪ್ಪ."

"ತಿಮ್ಮರಾಯಿ, ಮೊದ್ಲು ಬಂದೋರು ನಾವು ಅಂತ ಹೇಳಪ್ಪ."

"ಮೊದ್ಲು ಹುಟ್ಟಿದೋರು ಯಾರು ಅಂತ ಕೇಳು."

"ಹೇಳ್ದೆ, ಕೇಳ್ದೆ" ಅಂದೆ ನಾನು. ಯಾರಿಗೆ ಏನು ಹೇಳಿದೆನೋ ನನಗೇ ಗೊತ್ತಾಗಲಿಲ್ಲ.

"ಎಲ್ರೂ ಬಾಯ್ ಮುಚ್ಚಿ" ಅಂದಳು ಸಂಪಂಗಿ. "ನಮ್ಮಮ್ಮನ ಹಂಡೆ ಕೊಟ್ಟು ತಂದಿರೋ ಕುರ್ಚಿ ಇದು. ನಿಮ್ ಜಗಳ ನಿಮ್ಮನೇಲಿ ಇಟ್ಕೊಳ್ಳಿ. ಕೈ ಇಡಿ."

ಕೈಯಿಟ್ಟರು. ಒಬ್ಬರು ಬಲಗೈ ಹಿಡಿಕೆಯ ಮೇಲೆ, ಒಬ್ಬ ಎಡಗೈ ಹಿಡಿಕೆಯ ಮೇಲೆ. ಅಕ್ಕಿ ಬಿತ್ತು, ಹಾಲು ಬಿತ್ತು. "ಇನ್ನು ಇವರ ಮನೆಯೇ ನಿನ್ನ ಮನೆ" ಎಂದು ಇಬ್ಬರೂ ಒಟ್ಟಿಗೇ ಅಂದರು. ಒಟ್ಟಿಗೆ ಬಂದದ್ದಕ್ಕೆ ಇಬ್ಬರಿಗೂ ಸಿಟ್ಟು ಬಂತು. ಬಂದ ದಾರಿಯಲ್ಲೇ ಬೇರೆ ಬೇರೆಯಾಗಿ ಹೋದರು.

ಕುರ್ಚಿ ನಿಂತಿತು. ಆ ಮಧ್ಯಾಹ್ನ ನಾನು ಆಚೆ ತಿರುಗಿ ಈಚೆ ತಿರುಗಿ, ಬಾಗಿ ಎದ್ದು, ಬೀದಿಗೆ ಹೋಗಿ ಬಂದು ನೋಡಿದೆ. ಇದ್ದಲ್ಲೇ ಇತ್ತು. ರುದ್ರಪ್ಪನವರು ಬಂದು ಕೂತು ಒಂದು ಕಥೆ ಹೇಳಿಸಿಕೊಂಡು ನಕ್ಕರು. ಬಿಟ್ಟುಹೋಗಿದ್ದ ಗಿರಾಕಿಗಳೆಲ್ಲ ವಾಪಸ್ಸಾದರು. ಇನ್ನೇನು ಬೇಕು, ಕಥೆ ಮುಗಿಯಿತು ಅಂದುಕೊಂಡೆ.

ಒಂದು ಬೆಳಗ್ಗೆ ಮುನಿವೆಂಕಟಪ್ಪ ಬಂದು ಬಾಗಿಲಲ್ಲಿ ನಿಂತರು.

"ಏನಣ್ಣ?"

"ಏನಿಲ್ಲ" ಅಂದರು. ಅವರಿಗೇ ಗೊತ್ತಿಲ್ಲದವರ ಹಾಗೆ ಸುತ್ತ ನೋಡಿದರು. "ಹಾಲು ತರೋಣ ಅಂತ ಹೊರಟೆ. ಕಾಲು ಇಲ್ಲಿಗ್ ಬಂತು."

ಬೆಂಚಿನ ಮೇಲೆ ಕೂತರು. ಮಧ್ಯಾಹ್ನದವರೆಗೆ ಕೂತು ಎದ್ದುಹೋದರು. ಅವರು ತಿರುವು ದಾಟಿದರೋ ಇಲ್ಲವೋ, ಪಿಳ್ಳಪ್ಪ ಬಂದ. "ಬಸ್‌ಸ್ಟ್ಯಾಂಡಲ್ಲಿ ಯಾಕೋ ಬೇಜಾರು" ಅಂದ. ಅವನೂ ಕೂತ, ಕತ್ತಲಾಗುವವರೆಗೆ. ಮರುದಿನವೂ ಹಾಗೇ. ಅದರ ಮರುದಿನವೂ. ಇಬ್ಬರೂ ಕುರ್ಚಿಯ ಕಡೆ ನೋಡುವುದಿಲ್ಲ. ನಾನು ಗಿರಾಕಿಯನ್ನು ಎಬ್ಬಿಸಿದಾಗ ಮಾತ್ರ ಅವರ ಕೈ ಹೆಗಲಿಗೆ ಹೋಗಿ, ಟವೆಲ್ ಮುಟ್ಟಿ, ಕೆಳಗಿಳಿಯುತ್ತದೆ.

"ಕುರ್ಚಿನ ಒಪ್ಸಿದ್ರು" ಅಂದಳು ಸಂಪಂಗಿ ಒಂದು ದಿನ. "ಇವ್ರನ್ನ ಯಾರೂ ಯಾರಿಗೂ ಒಪ್ಸಿಲ್ಲ. ಅದಕ್ಕೇ ಹಿಂಗೆ ಅಡ್ಡಾಡ್ತಿದಾರೆ."

"ಹಂಗಾದ್ರೆ ಒಂದ್ ಮಾಡ್ಬಿಡೋಣ್ವಾ?"

"ಸಾಬ್ರನ್ನ ಕೇಳ್ದೆ. ಎರಡು ಮನೆಯಾಗಿ ಒಪ್ಸಿದ್ದು, ಒಂದೇ ಮನೆ ಆಗ್ಬಿಟ್ರೆ ನಿಲ್ಲಲ್ವಂತೆ. ಅವ್ರ ಕಾಲದಲ್ಲಿ ಒಂದು ತೊಟ್ಲು ಹಂಗೇ ಹೋಯ್ತಂತೆ. ಇವ್ರು ಒಂದಾದ್ರೆ ಕುರ್ಚಿ ಹೋಗುತ್ತೆ." ಅವಳು ನನ್ನ ಮುಖ ನೋಡಿದಳು. "ಏನೂ ಮಾಡ್ಬೇಡಿ. ಬರ್ಲಿ, ಕೂರ್ಲಿ, ಹೋಗ್ಲಿ."

ನಾನು ಏನೂ ಮಾಡಲಿಲ್ಲ. ಇದು ಮಾತ್ರ ಸುಳ್ಳಲ್ಲ.

ಆದರೆ ಒಂದು ದಿನ ಮುನಿವೆಂಕಟಪ್ಪ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸಿದರು, ಊಟದ ಹೊತ್ತಿಗೆ ಏಳಲಿಲ್ಲ. ಪಿಳ್ಳಪ್ಪ ಎಂದಿನಂತೆ ಬಂದ. ಅಣ್ಣನನ್ನು ಕಂಡು ಹಿಂದೆ ಹೆಜ್ಜೆ ಇಟ್ಟವನು, ನಿದ್ದೆ ಮಾಡುತ್ತಿದ್ದಾರೆಂದು ತಿಳಿದು, ಬೆಂಚಿನ ಈ ತುದಿಯಲ್ಲಿ ಶಬ್ದವಾಗದ ಹಾಗೆ ಕೂತ. ನಾನು ರುದ್ರಪ್ಪನವರ ಗಡ್ಡ ಮುಗಿಸಿ ಎಬ್ಬಿಸಿದೆ. ಸಂಪಂಗಿ ನನ್ನ ಬುತ್ತಿ ತಂದು ಬಾಗಿಲಲ್ಲಿ ನಿಂತಳು. ಕುರ್ಚಿ ಖಾಲಿಯಾಯಿತು. ಮುನಿವೆಂಕಟಪ್ಪ ಕಣ್ಣು ಬಿಟ್ಟರು.

ಪಿಳ್ಳಪ್ಪ ಕನ್ನಡಿಯಲ್ಲಿ ಅಣ್ಣನ ಮೀಸೆ ನೋಡುತ್ತಿದ್ದ. ನಾನು ನೋಡಿದೆ, ಆತ ದಾರಿಯ ಸಾಮಾನಿನ ಹಾಗೆ ಕಲ್ಲಾದ. ಅಣ್ಣ ತಮ್ಮನ ಕತ್ತಿನ ಹಿಂದಿನ ಕೂದಲು ನೋಡುತ್ತಿದ್ದರು. ರುದ್ರಪ್ಪನವರು ನೋಡಿದರು, ಅವರೂ ಕಲ್ಲಾದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಕತ್ತಿ ಒರೆಸಲು ಆಚೆ ತಿರುಗಿ ಈಚೆ ತಿರುಗಿದೆ. ಅಣ್ಣ ಬೆಂಚಿನ ಮೇಲಿರಲಿಲ್ಲ. ಕುರ್ಚಿಯ ಪಕ್ಕದಲ್ಲಿ ನಿಂತಿದ್ದರು. ಎದ್ದದ್ದನ್ನು ಯಾರೂ ನೋಡಿರಲಿಲ್ಲ.

ಇಬ್ಬರೂ ಒಂದಾಗುವ ಹೊತ್ತು ಬಂದಿತ್ತು. ಸಂಪಂಗಿಯ ಕಡೆ ನೋಡಿದೆ. ಅವಳಿಗೂ ಗೊತ್ತಾಗಿತ್ತು. ಅವಳು ಕುರ್ಚಿ ನೋಡಿದಳು, ಆ ಸೊಟ್ಟ ಮೀಸೆ ನೋಡಿದಳು, ಮತ್ತೆ ಕುರ್ಚಿ ನೋಡಿದಳು. ನಾವೆಲ್ಲ ಹೀಗೇ ನೋಡುತ್ತಾ ನಿಂತರೆ ಸಾಕಿತ್ತು, ಇಬ್ಬರೂ ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತಿದ್ದರು. ಅವಳು ಬುತ್ತಿಯನ್ನು ಹೊಸ್ತಿಲ ಮೇಲಿಟ್ಟಳು. ಆಮೇಲೆ ಅವಳು ಸೆರಗು ಎಳೆದುಕೊಂಡು, ಬೀದಿಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟಳು.

ರುದ್ರಪ್ಪನವರು ದೊಡ್ಡ ಮೈ ಹೊರಳಿಸಿಕೊಂಡು ಕ್ಯಾಲೆಂಡರಿನಲ್ಲಿ ಹಬ್ಬ ಹುಡುಕತೊಡಗಿದರು. ನಾನು ಟವೆಲ್ ತೆಗೆದು ಕನ್ನಡಿಗೆ ಹೊದಿಸಿದೆ. ಆಮೇಲೆ ಹೋಗಿ ಸಂಪಂಗಿಯ ಪಕ್ಕದಲ್ಲಿ, ಅವಳ ಹಾಗೆಯೇ ಬೀದಿಗೆ ಮುಖ ಮಾಡಿ ನಿಂತೆ. ಎದುರು ಗೋಡೆಯ ಮೇಲೆ ಒಂದು ಪೋಸ್ಟರಿತ್ತು. ಓದಿದೆ.

ಇನ್ನೊಂದು ಸಲ ಓದಿದೆ. ಬೆನ್ನ ಹಿಂದೆ ಚರ್ಮದ ಸೀಟು ಭಾರಕ್ಕೆ ಉಸ್ಸೆಂದಿತು. ಟವೆಲ್ಲಿನ ಪಟ್ ಶಬ್ದ ಕೇಳಿಸಿತು. ಒಂದು ಗಂಟಲು ಕೆಮ್ಮಿ ಸರಿಮಾಡಿಕೊಂಡಿತು.

"ಅಣ್ಣಾ, ಎಚ್ಚರ ಇದೀಯಾ?"

"ಇದೀನಿ."

"ಎಡಗಡೆ ತೆಗೀಲಾ?"

"ಹ್ಞೂಂ" ಎಂದು ಕೇಳಿಸಿತು. ಆಮೇಲೆ ಕತ್ತರಿಯ ಸದ್ದು, ಮೊದಲು ಅನುಮಾನದಲ್ಲಿ ಒಂದೊಂದೇ, ನಂತರ ಕಿಚಿಕಿಚಿ ಎಂದು ಎಡೆಬಿಡದೆ. ಅದರ ಕೆಳಗೆ ಇನ್ನೊಂದು ಸಣ್ಣ ಸದ್ದು, ಕಬ್ಬಿಣ ನೆಲಕ್ಕೆ ಉಜ್ಜಿದ ಹಾಗೆ. ಕುರ್ಚಿ ತಿರುಗಿದ್ದೋ, ಹೊರಟದ್ದೋ ನನಗೆ ಗೊತ್ತಾಗಲಿಲ್ಲ.

"ಹೋಗ್ತಾ ಇದ್ಯಾ?" ಅಂದಳು ಸಂಪಂಗಿ ಪಿಸುದನಿಯಲ್ಲಿ.

"ಗೊತ್ತಿಲ್ಲ ಕಣೆ" ಅಂದೆ. "ತಿರುಗ್ಬೇಡ."